ಮೈಲಾರಪ್ಪ ಮಾಸ್ತರರ ಸ್ವರದ ಪುಸ್ತಕ

ಮೈಲಾರಪ್ಪ ಮಾಸ್ತರರ ಕಣ್ಣು ಹೋದದ್ದರಲ್ಲಿ ನನ್ನ ಪಾಲೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನವರು ಯಾರೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ, ಜಗಳ ನನಗೇನೂ ಹೊಸದಲ್ಲ. ಬೈಯಬೇಕಾದ ಮನುಷ್ಯ ಬೈಯಲಿಲ್ಲ, ಅದೇ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನು ಅಕ್ಕಿಆಲೂರಿನಲ್ಲಿ ಬೋರ್ಡು ಬರೆಯುವವನು. ಪೇಂಟರ್ ಕರಿಬಸಪ್ಪ ಅಂದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಗೊತ್ತು. ಅಕ್ಕಿ ಗಿರಣಿಯ ಗೋಡೆ, ಚೀಲದ ಮೇಲಿನ ಮಾರ್ಕು, ಕಿರಾಣಿ ಅಂಗಡಿಯ ಹಲಗೆ, ನಾಟಕದ ಪರದೆ, ಎಲ್ಲಕ್ಕೂ ನನ್ನ ಕೈಯೇ ಬೇಕಿತ್ತು. ನಮ್ಮ ಕಸುಬಿನಲ್ಲಿ ಒಂದೇ ನಿಯಮ: ಕಾಣದಿದ್ದರೆ ದೊಡ್ಡದು ಮಾಡು. ರಸ್ತೆಯ ಆಚೆಯಿಂದ ಓದಲಾಗದ ಬೋರ್ಡು ಬೋರ್ಡೇ ಅಲ್ಲ. ಈ ನಿಯಮ ನನಗೆ ಮೂವತ್ತು ವರ್ಷ ಅನ್ನ ಹಾಕಿದೆ. ಅದು ಎಲ್ಲ ಕಡೆಗೂ ನಡೆಯುತ್ತದೆ ಎಂದು ತಿಳಿದುಕೊಂಡದ್ದು ನನ್ನ ದೊಡ್ಡತನ.

ಮಾಸ್ತರರು ಹತ್ತಿಮತ್ತೂರಿನವರು, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಹದಿನಾಲ್ಕನೆಯ ವಯಸ್ಸಿಗೆ ಹಾನಗಲ್ಲಿನಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಗೆ ಪರದೆ ಎಳೆಯಲು ಸೇರಿದರು. ಆ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಹಿರಿಯ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಪೈಕಿಯವನಾಗಿರಲಿಲ್ಲ. ಕಾರಣ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇವರ ಅಕ್ಷರ ದುಂಡಗಿದ್ದವು. ಹರಿದು ಹಳತಾದ ಸ್ವರದ ಪುಸ್ತಕಗಳನ್ನು ಹೊಸ ಹಾಳೆಗೆ ಇಳಿಸುವ ಕೆಲಸವನ್ನು ಆತ ಇವರಿಗೆ ಒಪ್ಪಿಸಿದ. ಸರಿಗಮ ಬರೆಯುತ್ತ ಬರೆಯುತ್ತ ಇವರಿಗೆ ಹಾಡಿನ ನಡೆ ತಿಳಿಯಿತು. ರಾತ್ರಿಯೆಲ್ಲ ಆಡಿ ದಣಿದ ಕಂಪನಿಯವರು ಮಧ್ಯಾಹ್ನ ಮಲಗಿದಾಗ ಪೇಟಿಯ ಮುಚ್ಚಳ ತೆಗೆದು, ಬರೆದದ್ದನ್ನು ಮೆಲ್ಲಗೆ ಬೆರಳಿಗೆ ಇಳಿಸಿಕೊಂಡರು. ಹೀಗೆ ಯಾರೂ ಕಲಿಸದೆ, ಬರೀ ಬರಹದಿಂದ ಕಲಿತ ಮನುಷ್ಯ ಅವರು.

ಸಿನಿಮಾ ಬಂದು ಕಂಪನಿ ಮುಚ್ಚಿದ ಮೇಲೆ ಹೆಂಡತಿ ಉಡಚವ್ವನನ್ನು ಕರೆದುಕೊಂಡು ಅಕ್ಕಿಆಲೂರಿಗೆ ಬಂದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದರು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹಳ್ಳಿಹಳ್ಳಿಗೂ ನಾಟಕದ ಹುಚ್ಚು. ನಾಟಕ ಆಡಬೇಕೆಂದರೆ ಹಾಡು ಕಲಿಸುವ ಪೇಟಿ ಮಾಸ್ತರ ಬೇಕೇ ಬೇಕು. ಒಂದೊಂದು ನಾಟಕಕ್ಕೆ ಮೂವತ್ತು ನಲವತ್ತು ಹಾಡು, ಒಂದೊಂದು ಹಂಗಾಮಿಗೆ ಐದಾರು ಊರು. ಉಳಿದ ಮಾಸ್ತರರು ಕಿವಿಯಲ್ಲಿ ಇಟ್ಟುಕೊಂಡು ಬಾರಿಸುತ್ತಿದ್ದರು, ಒಂದು ಊರಿನ ಹಾಡಿಗೆ ಇನ್ನೊಂದು ಊರಿನ ಧಾಟಿ ಕೂಡಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರದು ಹಾಗಲ್ಲ, ಎದುರಿಗೆ ಪುಸ್ತಕ ಬಿಚ್ಚಿಯೇ ಬಾರಿಸುವುದು. ಹಳ್ಳಿಯ ಹಿರಿಯರು ಯಾರಾದರೂ "ಏ, ಈ ಹಾಡು ಹಂಗಲ್ಲ, ಹಿಂಗ" ಎಂದು ದಬಾಯಿಸಿದರೆ ಮಾಸ್ತರರು ವಾದಕ್ಕೆ ಇಳಿಯುತ್ತಿರಲಿಲ್ಲ. ಪುಸ್ತಕ ತಿರುಗಿಸಿ ತೋರಿಸುತ್ತಿದ್ದರು.

"ನಮ್ಮಂಥವರ ಬಾಯಿ ಮಾತು ಯಾರ ಕೇಳ್ತಾರ್ರಿ ಪೇಂಟರ? ಬರದದ್ದಿದ್ರ ಎಲ್ಲಾರೂ ಬಾಯಿ ಮುಚ್ಕೋತಾರ" ಎಂದು ನನಗೆ ಒಮ್ಮೆ ಹೇಳಿದ್ದರು. ಆ ಪುಸ್ತಕ ಕಾಣದಂತಾದರೆ ಅವರ ಕೈಯಲ್ಲಿ ಏನೂ ಉಳಿಯುವಂತಿರಲಿಲ್ಲ.

ಎಪ್ಪತ್ತೈದನೆಯ ಇಸವಿ, ಯುಗಾದಿ ಮುಗಿದಿತ್ತು. ಒಂದು ಬೆಳಿಗ್ಗೆ ಮಾಸ್ತರರು ಪುಸ್ತಕ ಹಿಡಿದು ಅಂಗಡಿಗೆ ಬಂದರು. ಆಗ ಅವರಿಗೆ ನಲವತ್ತೆರಡೋ ನಲವತ್ಮೂರೋ.

"ಪೇಂಟರ, ಸಾಲು ತಪ್ಪಾಕತ್ತೈತ್ರಿ. ಒಂದ ಸಾಲ ಮುಗಿಸಿ ಕೆಳಗಿನ ಸಾಲಿಗೆ ಬರೂದ್ರಾಗ ಅದು ಎಲ್ಲೋ ಹೋಗಿರತೈತಿ. ಸಂಜಿಕ ದೀಪದ ಸುತ್ತ ಬಣ್ಣಬಣ್ಣದ ಬಳಿ ಕಂಡಂಗ ಆಗತೈತಿ. ಹುಬ್ಬಳ್ಳಿಗೆ ಹೋಗಿ ಕಣ್ಣ ತೋರಿಸ್ಕೊಂಡ ಬರ್ಲೇನ್ರಿ?"

ನಾನು ನಕ್ಕೆ. "ನಲವತ್ತ ದಾಟಿದ್ರ ಎಲ್ಲಾರಿಗೂ ಚಾಳೀಸ ಬರತೈತ್ರಿ. ಅದಕ್ಕ ಹುಬ್ಬಳ್ಳಿ ಯಾಕ? ಸಂತ್ಯಾಗ ಒಂದ ಚಾಳೀಸಿನ ಕನ್ನಡಕ ತಗೋರಿ. ಪುಸ್ತಕ ನಾ ದೊಡ್ಡ ಅಕ್ಷರದಾಗ ಬರದ ಕೊಡ್ತೇನಿ. ಈ ಕರಿಬಸಪ್ಪ ಬರದದ್ದು ಕುರುಡಗೂ ಕಾಣತೈತಿ."

ಹೀಗೆ ಹೇಳಿದೆ. ಬಾಯಿಗೆ ಬಂದದ್ದು. ಅವರಿಗೆ ಸಮಾಧಾನವಾದಂತೆ ಕಂಡಿತು, ನಕ್ಕು ಪುಸ್ತಕ ಕೊಟ್ಟು ಹೋದರು. ಹುಬ್ಬಳ್ಳಿಯ ಮಾತು ಅಲ್ಲಿಗೆ ಬಿತ್ತು. ಆ ದಿನ ನಾನು ಬೇರೆ ಏನಾದರೂ ಹೇಳಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಆ ಹಳೆಯ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಜೋಳದ ಕಾಳಿಗಿಂತ ತುಸು ಸಣ್ಣ ಅಕ್ಷರ. ತಾಳದ ಒಂದು ಸುತ್ತಿಗೆ ಹದಿನಾರು ಮಾತ್ರೆ, ಆ ಹದಿನಾರೂ ಒಂದೇ ಸಾಲಿನಲ್ಲಿ. ನಾಲ್ಕು ನಾಲ್ಕಕ್ಕೆ ಒಂದು ನಿಲುವು ಗೆರೆ, ಕೆಳಗೆ ಹಾಡಿನ ಮಾತು. ಮೇಲಿನ ಸ್ವರವಾದರೆ ಅಕ್ಷರದ ತಲೆಯ ಮೇಲೆ ಚುಕ್ಕೆ, ತಗ್ಗಿನ ಸ್ವರವಾದರೆ ಕಾಲ ಕೆಳಗೆ ಚುಕ್ಕೆ. ಸಾಲು ಶುರುವಾದಲ್ಲಿ ತಾಳ ಶುರು, ಸಾಲು ಮುಗಿದಲ್ಲಿ ತಾಳ ಮುಗಿಯಿತು. ಒಂದು ಹಾಡು ಒಂದೇ ಪುಟದಲ್ಲಿ ಕೂತಿರುತ್ತಿತ್ತು. ಪೇಟಿಯವನಿಗೆ ಎಡಗೈ ತಿದಿಯ ಮೇಲೆ, ಬಲಗೈ ಸ್ವರದ ಮನೆಗಳ ಮೇಲೆ. ಪುಟ ತಿರುಗಿಸಲು ಮೂರನೆಯ ಕೈ ದೇವರು ಕೊಟ್ಟಿಲ್ಲ.

ನನಗೆ ಇದೆಲ್ಲ ಯಾಕೆ ಬೇಕು? ನಾನು ಕಡಲೆ ಕಾಳಿನಷ್ಟು ಅಕ್ಷರದಲ್ಲಿ ಬರೆದೆ. ಸಾಲಿಗೆ ಹದಿನಾರು ಹಿಡಿಸಲಿಲ್ಲ, ಎಂಟು ಎಂಟು ಮಾಡಿದೆ. ಮಾಸ್ತರರು ಅದನ್ನು ನೋಡಿ ಖುಷಿಪಟ್ಟರು. ಸಾಲುಗಳ ನಡುವೆ ಜಾಗ ಬಿಟ್ಟಿದ್ದೆನಲ್ಲ, ಅದಕ್ಕೆ ಸಾಲು ತಪ್ಪುವುದು ಕಡಿಮೆ ಆಯಿತಂತೆ. ನಾನು ಮೀಸೆ ತಿರುವಿದೆ. ಎರಡು ವರ್ಷ ಹೀಗೇ ನಡೆಯಿತು.

ಎಪ್ಪತ್ತೇಳರಲ್ಲಿ ಮತ್ತೆ ಬಂದರು. ಈ ಸಲ ಸ್ವರವೇ ಕೈಗೆ ಸಿಗುತ್ತಿಲ್ಲ ಎಂದರು. ಗಿರಣಿಯವರು ಹಂಚುವ ದೊಡ್ಡ ಕ್ಯಾಲೆಂಡರುಗಳ ಬೆನ್ನು ಖಾಲಿ ಇರುತ್ತದಲ್ಲ, ಅವನ್ನು ಕೂಡಿಸಿ ಹೊಲಿದು ಅಡಿಕೆಯ ಗಾತ್ರದ ಅಕ್ಷರ ಬರೆದುಕೊಟ್ಟೆ. ಸಾಲಿಗೆ ನಾಲ್ಕೇ ಸ್ವರ. ಒಂದು ಹಾಡಿಗೆ ನಾಲ್ಕು ಪುಟ. ಪುಸ್ತಕ ಮೊರದಷ್ಟು ಅಗಲವಾಯಿತು, ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ನೋಡಿದವರು ಮಾಸ್ತರರು ಜವಳಿ ವ್ಯಾಪಾರಕ್ಕೆ ಇಳಿದರೇನೋ ಎಂದು ನಗುತ್ತಿದ್ದರು.

ಆ ದಿನಗಳಲ್ಲೇ ಒಂದೊಂದು ಸುದ್ದಿ ಕಿವಿಗೆ ಬೀಳತೊಡಗಿತು. ಮಾಸ್ತರರಿಗೆ ಸೊಕ್ಕು ಬಂದಿದೆಯಂತೆ. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ನಿಂತವರನ್ನು ಮಾತಾಡಿಸಲಿಲ್ಲವಂತೆ. ಸವಣೂರಿನಲ್ಲಿ ಚಹಾ ಕೊಡಲು ಕೈ ಚಾಚಿದರೆ ತಿರುಗಿಯೂ ನೋಡಲಿಲ್ಲವಂತೆ. ಉಡಚವ್ವ ಒಮ್ಮೆ ನನ್ನ ಹೆಂಡತಿಯ ಮುಂದೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಬಾಜೂಕ ನೀರಿಟ್ಟಿರ್ತೇನವ್ವಾ, ಮತ್ತ ನೀರು ಕೊಡು ಅಂತಾರ. ಹಾಡಿನ ಗುಂಗಿನ್ಯಾಗ ಮನಶ್ಯಾ ಮನಶ್ಯಾ ಉಳದಿಲ್ಲ." ನಾವೆಲ್ಲ ನಕ್ಕೆವು. ಕಣ್ಣಿನ ಮಾತು ಯಾರ ತಲೆಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಅವರೇ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ರಸ್ತೆಯ ಆಚೆಗಿನ ಕಿರಾಣಿ ಅಂಗಡಿಯ ಹೊಸ ಬೋರ್ಡನ್ನು ನೋಡುತ್ತ, ಮೂಲೆಯಲ್ಲಿ ನಾನು ಹಾಕಿದ್ದ ಸಹಿಯನ್ನು ಓದಿದರು. ಬೆರಳುಗುರಿನಷ್ಟು ಅಕ್ಷರದ ಸಹಿ ಅದು. "ಪೇಂಟರ್ ಕರಿಬಸಪ್ಪ, ಅಕ್ಕಿಆಲೂರು. ಖರೇನೋ ಸುಳ್ಳೋ?" ಎಂದರು ನಗುತ್ತ. ನಂತರ ಮೆಲ್ಲಗೆ, "ಪೇಂಟರ, ಒಂದ ಮಾತು. ನನಗ ಹಳೇ ಸಣ್ಣ ಪುಸ್ತಕನ ಛಲೋ ಇತ್ತು ಅನಸಾಕತ್ತೈತ್ರಿ. ಇದರಾಗ ಅಕ್ಷರ ಹುಡುಕೂದ ಆಗೇತಿ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಮೂರು ವಾರ ಬೆನ್ನು ಬಗ್ಗಿಸಿ ಬರೆದ ಪುಸ್ತಕ ಅದು.

"ರಸ್ತೆ ಆಚೆಗಿನ ಸಹಿ ಓದ್ತೀರಿ, ಮೂಗಿನ ಮುಂದಿಂದು ಕಾಣೂದಿಲ್ಲಂತೀರಿ! ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದಳಂತ. ಕೈ ಮೊದಲಿನಂಗ ಓಡವಲ್ದು ಅಂತ ಒಪ್ಕೋರಿ, ನನ್ನ ಅಕ್ಷರದ ಮ್ಯಾಲ ಯಾಕ ಹಾಕ್ತೀರಿ?"

ಅವರು "ಹಂಗಿದ್ರ ಇನ್ನೊಂದೀಟು ದೊಡ್ಡದು ಮಾಡಿ ನೋಡೋಣ್ರಿ" ಎಂದರು. ನನ್ನ ಸಿಟ್ಟು ತಣಿಯಲೆಂದೇ ಹಾಗೆ ಹೇಳಿದರೆಂದು ಈಗ ತಿಳಿಯುತ್ತದೆ. ಆಗ ಗೆದ್ದೆ ಅಂದುಕೊಂಡೆ. ಕುಂಚ ತೆಗೆದುಕೊಂಡು ನಿಂಬೆಹಣ್ಣಿನ ಗಾತ್ರದ ಅಕ್ಷರ ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಅವರ ಕಣ್ಣಿನ ರೋಗಕ್ಕೆ ನನ್ನ ಕುಂಚದ ಮದ್ದು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ದುಂಡಸಿಯವರು ಐತಿಹಾಸಿಕ ನಾಟಕ ಹಿಡಿದರು. ಪರದೆ ಬರೆಯಲು ನಾನು, ಹಾಡಿಗೆ ಮಾಸ್ತರರು. ಅಲ್ಲಿನ ದೊಡ್ಡ ಜಮೀನುದಾರ ಕುಬೇರಪ್ಪನವರದು ರಾಜನ ಪಾತ್ರ. ಧ್ವನಿ ಇರಲಿ ಬಿಡಲಿ, ಇಪ್ಪತ್ತು ವರ್ಷದಿಂದ ದುಂಡಸಿಯ ರಾಜ ಅವರೇ. ಒಂದು ಭಾನುವಾರ ಮಧ್ಯಾಹ್ನ ಸಾಲೆಯ ಅಂಗಳದಲ್ಲಿ ತಾಲೀಮು ಇತ್ತು. ಕುಬೇರಪ್ಪನವರು ಬಾಗಿಲ ಪಕ್ಕದ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರ ಜೊತೆ ಕೂತಿದ್ದರು. ಮಾಸ್ತರರು ಅವರ ಮುಂದಿನಿಂದಲೇ, ಕತ್ತು ನೆಟ್ಟಗೆ ಇಟ್ಟುಕೊಂಡು, ಕೈ ಮುಗಿಯದೆ ಹಾಯ್ದು ಹೋದರು.

ಕಟ್ಟೆಯ ಮೇಲಿನ ಮಾತು ನಿಂತಿತು. ನಾನು ಪರದೆಯ ಮುಂದೆ ಕುಂಚ ಹಿಡಿದು ನಿಂತಿದ್ದೆ. ಒಬ್ಬ ಹಿರಿಯ ತಂಬಾಕು ಉಗುಳಿ, "ನೋಡಿದಿ ಕುಬೇರಪ್ಪಾ, ಹತ್ತಿಮತ್ತೂರ ಕೇರ್ಯಾಗಿಂದ ಬಂದಾಂವ ಹೆಂಗ ನಡದ" ಎಂದ. ಕುಬೇರಪ್ಪನವರು ಜೋರಾಗಿ ಏನೂ ಅನ್ನಲಿಲ್ಲ. "ನೋಡೇನಿ. ಹಿಂಗ ತಲಿ ಎತ್ತಿ ನಡದವರು ಈ ಊರಾಗ ಭಾಳ ದಿನ ನಡದಿಲ್ಲ" ಎಂದರು. ಅವರು ಅದನ್ನು ನಗುತ್ತ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ತಾಲೀಮು ಶುರುವಾಯಿತು. ರಾಜ ಸಿಂಹಾಸನದಿಂದ ಎದ್ದು ಹಾಡುವ ಹಾಡು. ನನ್ನ ಹೊಸ ಪುಸ್ತಕದಲ್ಲಿ ಆ ಹಾಡಿಗೆ ಎಂಟು ಪುಟ. ಕುಬೇರಪ್ಪನವರು ಮೊದಲ ಸಾಲನ್ನು ಎತ್ತಿ ಮೇಲಿನ ಸ್ವರಕ್ಕೆ ಏರಿದರು. ಮಾಸ್ತರರ ಎಡಗೈ ತಿದಿ ಬಿಟ್ಟು ಪುಟಕ್ಕೆ ಹೋಯಿತು, ಪೇಟಿಯ ಉಸಿರು ನಿಂತಿತು. ರಾಜ ಬಾಯಿ ತೆರೆದುಕೊಂಡೇ ನಿಂತ. ಹುಡುಗರು ಕಿಸಕ್ಕೆಂದರು. ಮತ್ತೆ ಎತ್ತಿದರು. ಪುಟ ತಿರುಗಿಸಿದ ಮೇಲೆ ಮಾಸ್ತರರ ಮುಖ ಹಾಳೆಯ ಮೇಲೆ ಎಡಕ್ಕೆ ಬಲಕ್ಕೆ ಹೊರಳಾಡುತ್ತಿತ್ತು, ಬಿದ್ದ ಸೂಜಿ ಹುಡುಕುವವರ ಹಾಗೆ. ಹಾಡು ಎರಡನೆಯ ಸಲವೂ ಅಲ್ಲೇ ಮುರಿಯಿತು. ಮೂರನೆಯ ಸಲವೂ ಅಲ್ಲೇ. ನಗು ನಿಂತುಹೋಯಿತು.

"ಬೇಕಂತನ ಮಾಡಾಕತ್ತಾನ" ಎಂದು ಯಾರೋ ಅಂದರು.

ಕುಬೇರಪ್ಪನವರು ಹೆಗಲ ಮೇಲಿನ ಶಾಲು ತೆಗೆದಿಟ್ಟರು. "ಮಾಸ್ತರ, ಎದ್ದ ಹೋಗು. ಪೇಟಿ ಇಲ್ಲೇ ಇರಲಿ. ಕೈ ಮುಗಿಯೂದ ಕಲತ ಮ್ಯಾಲ ಬಂದ ಒಯ್ಯಿ" ಎಂದರು. ಇಬ್ಬರು ಬಂದು ಪೇಟಿಯನ್ನು ಎತ್ತಿ ಸಾಲೆಯ ಕೋಣೆಯಲ್ಲಿಟ್ಟು ಕೀಲಿ ಹಾಕಿದರು. ಮಾಸ್ತರರು ಟವೆಲಿನಲ್ಲಿ ಪುಸ್ತಕ ಸುತ್ತಿಕೊಂಡರು.

ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. "ಅವರು ಎಂಥಾ ಮಂದಿ ಅಂತ ಗೊತ್ತಿದ್ದೂ ಕೈ ಮುಗೀಲಾರದ ಹಾದು ಹೋಗ್ತೀರಲ್ರಿ? ಎರಡ ಕೈ ಕೂಡಸಾಕ ಏನ ಖರ್ಚು ಬರ್ತಿತ್ತು?"

ಆಗ ಹೇಳಿದರು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಅವರು ಅಲ್ಲಿ ಕುಂತದ್ದು ನನಗ ಕಂಡಿಲ್ರಿ ಪೇಂಟರ. ಎದರಿಗಿಂದು ಅಷ್ಟ ಕಾಣತೈತಿ. ಬಾಜೂದು ಏನೂ ಇರೂದಿಲ್ಲ. ಕತ್ತಲಾನೂ ಅಲ್ಲ, ಬೆಳಕಾನೂ ಅಲ್ಲ. ಇರೂದ ಇಲ್ಲ, ಅಷ್ಟ."

ನಾನು ಅವರ ಕಡೆ ತಿರುಗಿದೆ. "ಹಂಗಿದ್ರ ಅವರ ಮುಂದ ಹೇಳೂದಲ್ಲೇನ್ರಿ?"

"ಹೇಳಬಾರ್ದು. ನೀವೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ಸೊಕ್ಕಿನಾಂವ ಅಂದ್ರ ನಾಕ ದಿನ ಬೈತಾರ, ಮತ್ತ ಕರೀತಾರ. ಕುರುಡ ಅಂದ್ರ ಯಾರೂ ಕರಿಯೂದಿಲ್ಲ."

ಮರುದಿನ ಪೇಟಿ ಬಿಡಿಸಿಕೊಳ್ಳಲು ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಅವರಿಗೆ ಪಾಠ ಹೇಳಿದ್ದೆ: ನಾನು ಕೆಮ್ಮಿದಾಗ ಬಲಕ್ಕೆ ತಿರುಗಿ ಕೈ ಮುಗಿಯಬೇಕು. ಕೆಮ್ಮಿದೆ, ತಿರುಗಿ ಮುಗಿದರು. "ತಪ್ಪಾತ್ರಿ ಧಣೇರ" ಎಂದರು. ಕುಬೇರಪ್ಪನವರು ಅವರನ್ನು ಬಿಸಿಲಲ್ಲಿ ಅರ್ಧ ತಾಸು ನಿಲ್ಲಿಸಿ, ಕೊನೆಗೆ ಆಳಿನ ಕಡೆ ಸನ್ನೆ ಮಾಡಿದರು. ಆತ ಪೇಟಿ ತಂದು ಮಾಸ್ತರರ ಎಡಗಾಲಿನ ಪಕ್ಕ ನೆಲಕ್ಕಿಟ್ಟ.

"ಒಯ್ಯಿ" ಎಂದರು ಕುಬೇರಪ್ಪನವರು.

ಮಾಸ್ತರರು ನಿಂತೇ ಇದ್ದರು. ಪೇಟಿ ತರುತ್ತಾರೆಂದು ಎದುರಿಗೆ ನೋಡುತ್ತ, ತುಸು ನಗುಮುಖ ಮಾಡಿಕೊಂಡು ನಿಂತಿದ್ದರು. ಪೇಟಿ ಅವರ ಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ನನಗೆ ಕೆಮ್ಮಲೂ ತೋಚಲಿಲ್ಲ. "ಒಯ್ಯಿ ಅಂದೆ" ಎಂದು ಎರಡನೆಯ ಸಲ ಗದರಿದಾಗ ಮಾಸ್ತರರು ಗಾಬರಿಯಿಂದ ಒಂದು ಹೆಜ್ಜೆ ಇಟ್ಟರು, ತಮ್ಮ ಪೇಟಿಯನ್ನೇ ಎಡವಿ ಅದರ ಮೇಲೆ ಬಿದ್ದರು. ತಿದಿ ಹರಿಯಿತು. ಪೇಟಿ ಒಂದು ಸಲ ಒರಲಿ ಸುಮ್ಮನಾಯಿತು.

ಮಂದಿ ನಕ್ಕರು. ಕುಬೇರಪ್ಪನವರು ನಗಲಿಲ್ಲ. ಕಟ್ಟೆಯಿಂದ ಇಳಿದು ಬಂದು, ಬಿದ್ದವರ ಮುಖವನ್ನು ಬಗ್ಗಿ ನೋಡಿ, ಸಣ್ಣ ದನಿಯಲ್ಲಿ ಕೇಳಿದರು: "ಮಾಸ್ತರ, ನಿನಗ ಕಣ್ಣ ಕಾಣೂದಿಲ್ಲೇನು?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಮಾಸ್ತರರು ಹೆದರಿದ್ದು ಅದಕ್ಕೇ. ಮುಂದಿನ ಸಂತೆಯ ಹೊತ್ತಿಗೆ ಸುದ್ದಿ ಬಸ್ಸು ಹತ್ತಿ ಸುತ್ತಲಿನ ನಾಲ್ಕೂ ತಾಲೂಕು ತಿರುಗಿತ್ತು. ಹಿರೇಕೆರೂರು ಕಡೆಯ ಎರಡು ಊರಿನವರು ಬೇರೆ ಮಾಸ್ತರನನ್ನು ಗೊತ್ತು ಮಾಡಿದ್ದೇವೆ ಎಂದು ಹೇಳಿ ಕಳಿಸಿದರು. ಸವಣೂರಿನವರು ಹೇಳಿಯೂ ಕಳಿಸಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹುಬ್ಬಳ್ಳಿಗೆ ಹೋದೆವು, ನಾಲ್ಕು ವರ್ಷ ತಡವಾಗಿ. ಉಡಚವ್ವನೂ ಬಂದಳು. ಕಣ್ಣಿನ ಡಾಕ್ಟರು ಒಬ್ಬ ವಯಸ್ಸಾದ ಹೆಣ್ಣುಮಗಳು. ಮಾಸ್ತರರನ್ನು ಎದುರಿಗೆ ಕೂರಿಸಿ, "ನನ್ನ ಮೂಗು ನೋಡ್ರಿ. ಬೆರಳು ಕಂಡ ಕೂಡ್ಲೆ ಹೇಳ್ರಿ" ಎಂದು ಕೈಯನ್ನು ಅವರ ಕಿವಿಯ ಹತ್ತಿರದಿಂದ ಮುಂದಕ್ಕೆ ತರತೊಡಗಿದರು. ಬೆರಳು ಅಲ್ಲಾಡುತ್ತ ಕಿವಿ ದಾಟಿತು, ಕೆನ್ನೆ ದಾಟಿತು. ಮಾಸ್ತರರು ಸುಮ್ಮನಿದ್ದರು. ಬೆರಳು ಹೆಚ್ಚುಕಡಿಮೆ ಡಾಕ್ಟರ ಮೂಗಿನ ಬಳಿ ಬಂದಾಗ, "ಹಾಂ, ಬಂತ್ರಿ" ಎಂದರು, ಗೆದ್ದವರ ಹಾಗೆ. ಉಡಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಮಾಸ್ತರರನ್ನೂ ಉಡಚವ್ವನನ್ನೂ ಹೊರಗೆ ಕೂರಿಸಿ ಡಾಕ್ಟರು ನನಗೆ ಹೇಳಿದರು. "ಇದು ಪೊರಿ ಅಲ್ಲ, ತಗದ ಒಗ್ಯಾಕ. ಕಣ್ಣಿನೊಳಗ ಒತ್ತಡ ಏರಿ ನರ ಸಾಯಾಕತ್ತಾವು. ಸತ್ತದ್ದು ತಿರುಗಿ ಬರೂದಿಲ್ಲ. ಮೊದಲ ಬಂದಿದ್ರ ನಿಲ್ಲಸಬಹುದಿತ್ತು. ಇಷ್ಟ ವರ್ಷ ಏನ ಮಾಡಿದ್ರಿ?"

ನಾನು ಟವೆಲು ಬಿಚ್ಚಿ ಪುಸ್ತಕ ತೋರಿಸಿದೆ. ಇಷ್ಟು ಮಾಡಿದ್ದೇವೆ ಎಂದು ತೋರಿಸಬೇಕೆನಿಸಿತು. ಅವರು ನಿಂಬೆಹಣ್ಣಿನ ಗಾತ್ರದ ಅಕ್ಷರಗಳನ್ನು ಒಂದಷ್ಟು ಹೊತ್ತು ನೋಡಿ, "ಯಾರ ಬರದದ್ದು?" ಎಂದು ಕೇಳಿದರು.

"ನಾನ್ರಿ."

ಡಾಕ್ಟರು ಮೇಜಿನ ಮೇಲಿನ ಒಂದು ಕಾಗದವನ್ನು ಕೊಳವೆಯ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟರು. "ಒಂದ ಕಣ್ಣ ಮುಚ್ಚಿ ಇದರಾಗಿಂದ ನಿಮ್ಮ ಪುಸ್ತಕ ನೋಡ್ರಿ."

ನೋಡಿದೆ. ನಾನೇ ಬರೆದ ಗ ಅಕ್ಷರದ ಹೊಟ್ಟೆ ಕಂಡಿತು. ತಲೆ ಕಾಣಲಿಲ್ಲ. ಕೊಳವೆ ಮೇಲೆತ್ತಿದೆ, ತಲೆ ಕಂಡಿತು, ಹೊಟ್ಟೆ ಹೋಯಿತು. ಮುಂದಿನ ಸ್ವರ ಯಾವುದೆಂದು ತಿಳಿಯಲು ಕತ್ತು ಹೊರಳಿಸಬೇಕಾಯಿತು. ಚುಕ್ಕೆ ಎಲ್ಲಿಟ್ಟಿದ್ದೆನೋ ನನಗೇ ಸಿಗಲಿಲ್ಲ.

"ಅವರಿಗೆ ನಡುವಿನ ಕಣ್ಣು ಇನ್ನೂ ಛಲೋ ಐತಿ. ಸಣ್ಣದು ಕಾಣತೈತಿ. ದೊಡ್ಡದಾದಷ್ಟೂ ಆ ತೂತಿನಾಗ ಹಿಡಿಸೂದಿಲ್ಲ" ಎಂದರು.

ಕೊಳವೆ ಮೇಜಿನ ಮೇಲಿಟ್ಟೆ. ಹಳೇ ಸಣ್ಣ ಪುಸ್ತಕವೇ ಒಳ್ಳೆಯದಿತ್ತು ಎಂದು ಆ ಮನುಷ್ಯ ಬಾಯಿ ಬಿಟ್ಟು ಹೇಳಿದ್ದರು. ನಾನು ಡೊಂಕು ನೆಲದ ಗಾದೆ ಹೇಳಿ ಬಾಯಿ ಮುಚ್ಚಿಸಿದ್ದೆ. ಅವರು ಹುಬ್ಬಳ್ಳಿಗೆ ಹೊರಟಾಗ ಬೇಡವೆಂದೆ, ಕಾಣುತ್ತಿದ್ದುದನ್ನು ಕಾಣದ ಹಾಗೆ ಮಾಡಿದೆ, ಮೇಲೆ ಬೈದೆ. ಹೊರಗೆ ಬಂದು ಎಲ್ಲವನ್ನೂ ಅವರಿಗೆ ಹೇಳಿ ತಲೆ ತಗ್ಗಿಸಿದೆ. ಅವರು, "ಹೋಗ್ಲಿ ಬಿಡ್ರಿ, ನೀವು ಬೇಕಂತ ಮಾಡಿಲ್ಲ. ಈಗ ಸಣ್ಣದು ಬರದ ಕೊಡ್ರಿ" ಎಂದರು. ಉಡಚವ್ವ ಮಾತ್ರ ಅವತ್ತಿನಿಂದ ನನ್ನ ಮುಖ ನೋಡುವುದನ್ನೇ ಬಿಟ್ಟಳು.

ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ. ಇದ್ದದ್ದು ಉಳಿದರೆ ಪುಣ್ಯ ಎಂದಿದ್ದರು ಡಾಕ್ಟರು. ನಾನು ಬ್ರಶ್ಶು ಬದಿಗಿಟ್ಟು ನಿಬ್ಬಿನ ಪೆನ್ನು ಹಿಡಿದೆ. ಗೋಡೆ ಬರೆದ ಕೈಗೆ ಸಣ್ಣ ಅಕ್ಷರ ಬರುವುದೆಂದರೆ ಸುಲಭವೇ? ನಾಲ್ಕು ನೋಟುಬುಕ್ಕು ಹಾಳು ಮಾಡಿದೆ, ಮಸಿ ಚೆಲ್ಲಿದೆ, ಹೆಂಡತಿಯ ಮೇಲೆ ಕೂಗಾಡಿದೆ. ಐದನೆಯದರಲ್ಲಿ ಹದಿನಾರು ಸ್ವರ ಒಂದೇ ಸಾಲಿಗೆ ಕೂತವು. ಮಾಸ್ತರರು ಅಂಗಡಿಯ ಕಟ್ಟೆಯ ಮೇಲೆ, ತಿದಿ ಹೊಲಿಸಿದ ಪೇಟಿ ಇಟ್ಟುಕೊಂಡು, ಮೊದಲ ಹಾಡನ್ನು ಎಲ್ಲಿಯೂ ನಿಲ್ಲದೆ ಕೊನೆಯವರೆಗೆ ಬಾರಿಸಿದರು. ರಸ್ತೆಯಲ್ಲಿ ಮಂದಿ ನಿಂತರು. ನಾನು ಬಣ್ಣದ ಡಬ್ಬಿಗಳ ಹಿಂದೆ ಹೋಗಿ ಅತ್ತೆ.

ನಾಟಕದವರು ಮತ್ತೆ ಕರೆಯಲಿಲ್ಲ. ಗಂಡಹೆಂಡತಿ ಹತ್ತಿಮತ್ತೂರಿಗೆ ವಾಪಸು ಹೋದರು. ಅಲ್ಲಿ ಕೇರಿಯ ಹುಡುಗಿಯರಿಗೆ, ಹುಡುಗರಿಗೆ ಹಗಲು ಹೊತ್ತು ಪೇಟಿ ಕಲಿಸತೊಡಗಿದರು, ತಮ್ಮ ಹಾಗೆ ಕದ್ದು ಕಲಿಯುವ ಪಾಳಿ ಅವರಿಗೆ ಬರಬಾರದೆಂದು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಐದು ವರ್ಷ ನಡೆಯಿತು. ಚೆನ್ನಾಗಿಯೇ ನಡೆಯಿತು ಎನ್ನಬೇಕು.

ಆದರೆ ವರ್ಷಕ್ಕೊಮ್ಮೆ ಅವರಿಂದ ಒಂದು ಮಾತು ಬರುತ್ತಿತ್ತು. "ಪೇಂಟರ, ಇನ್ನೊಂದೀಟು ಸಣ್ಣದು ಬರದ ಕೊಡ್ರಿ." ಅವರ ನೋಟದ ಆ ಕೊಳವೆ ಸಣ್ಣದಾಗುತ್ತಿದೆ ಎಂದು ತಿಳಿಯಲು ಡಾಕ್ಟರೇ ಬೇಕಿರಲಿಲ್ಲ. ಸಾಸಿವೆಯಷ್ಟು ಬರೆದೆ. ಮರುವರ್ಷ ಮತ್ತೆ ಅದೇ ಮಾತು. ರಾಗಿಯಷ್ಟು ಬರೆದೆ, ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು. ಸಂತೆಗೆ ಹತ್ತಿಮತ್ತೂರಿನ ಕಡೆಯವರು ಯಾರಾದರೂ ಬಂದು, "ಮಾಸ್ತರ ನಿಮಗ ಏನೋ ಹೇಳ್ಯಾರ" ಎಂದು ಮಾತು ತೆಗೆದರೆ ನಾನು ಕೇಳಿಸದವನ ಹಾಗೆ ಬಣ್ಣ ಕಲಸತೊಡಗುತ್ತಿದ್ದೆ. ಮುಂದೆ ಎಷ್ಟು ಸಣ್ಣದು ಬರೆಯಲಿ? ಪೆನ್ನಿನ ತುದಿಗೂ ಒಂದು ಗಾತ್ರ ಇರುತ್ತದಲ್ಲ.

ಎಂಬತ್ತನಾಲ್ಕರ ಶ್ರಾವಣದಲ್ಲಿ ಕೊನೆಯ ಪುಸ್ತಕ ಕೊಟ್ಟು ಕಳಿಸಿದೆ. ಎರಡು ವಾರ ಕಳೆದ ಮೇಲೆ ಬೆಳಗಿನ ಬಸ್ಸಿಗೆ ಇಬ್ಬರೂ ಬಂದರು. ಉಡಚವ್ವ ಮುಂದೆ, ಅವಳ ಭುಜದ ಮೇಲೆ ಕೈಯಿಟ್ಟು ಮಾಸ್ತರರು ಹಿಂದೆ. ಅವರು ಕಟ್ಟೆಯ ಮೇಲೆ ಕೂತು, ಚೀಲದಿಂದ ಪುಸ್ತಕ ತೆಗೆದು, ನನ್ನ ಕಡೆ ಚಾಚಿದರು. ನಾನು ನಿಂತ ಕಡೆಗಲ್ಲ, ಅದರ ಪಕ್ಕಕ್ಕೆ.

"ಏನ್ರಿ ಪೇಂಟರ, ವಯಸ್ಸಾತೇನ್ರಿ ನಿಮಗ? ಖಾಲಿ ಪುಸ್ತಕ ಕೊಟ್ಟ ಕಳಿಸೀರಲ್ಲ! ತಿರುವಿ ತಿರುವಿ ನೋಡಿದೆ. ಎಲ್ಲಾ ಬಿಳೇ ಹಾಳಿ."

ನಾನು ಪುಸ್ತಕ ಬಿಚ್ಚಿದೆ. ಪುಟದ ತುಂಬ ನೀಲಿ ಮಸಿಯ ಸಾಲುಗಳು, ಸಾಲಿಗೆ ಹದಿನಾರು ಸ್ವರ, ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಉಡಚವ್ವ ಓದು ಬಾರದವಳು. ಆದರೂ ಬರೆದ ಹಾಳೆಗೂ ಖಾಲಿ ಹಾಳೆಗೂ ಇರುವ ಫರಕು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಹುಬ್ಬಳ್ಳಿಯ ಆ ದಿನದ ಮೇಲೆ ಮೊದಲ ಸಲ ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. ಹೇಳಬೇಡಿ ಎನ್ನುವಂತೆ ತಲೆಯಾಡಿಸಿದಳು.

ಮಾಡಿದ ತಪ್ಪನ್ನೇ ಸುಲಭಕ್ಕೆ ಒಪ್ಪಿಕೊಳ್ಳದ ನಾನು ಅವತ್ತು ಮಾಡದ ತಪ್ಪನ್ನು ಒಪ್ಪಿಕೊಂಡೆ.

"ಹೌದ್ರಿ ಮಾಸ್ತರ. ಗಡಿಬಿಡ್ಯಾಗ ಖಾಲಿದು ಕೊಟ್ಟ ಕಳಿಸೇನಿ. ಕುಂದರ್ರಿ, ಈಗ ಬರದ ಕೊಡ್ತೇನಿ."

ಅವರಿಗೆ ಸಪ್ಪಳ ಕೇಳಲೆಂದು ನಿಬ್ಬನ್ನು ಒತ್ತಿ ಹಿಡಿದು, ಒಂದು ಹಾಳೆಯ ಮೇಲೆ ಗೀಚತೊಡಗಿದೆ. ಏನು ಗೀಚುತ್ತಿದ್ದೇನೆಂದು ನನಗೇ ಕಾಣುತ್ತಿರಲಿಲ್ಲ, ಕಣ್ಣು ತುಂಬಿಬಂದಿದ್ದವು. ಮಾಸ್ತರರು ಆ ಸಪ್ಪಳಕ್ಕೆ ಕಿವಿಗೊಟ್ಟರು. ಆಮೇಲೆ ಹೆಂಡತಿಯ ಕೈಯನ್ನು ಹುಡುಕಿ ಹಿಡಿದುಕೊಂಡು ಹೇಳಿದರು:

"ಸಾವಕಾಶ ಬರೀರಿ ಪೇಂಟರ. ಆದ್ರ ಮತ್ತ ದೊಡ್ಡದು ಮಾಡಬ್ಯಾಡ್ರಿ."

"ಇಲ್ರಿ ಮಾಸ್ತರ, ಮಾಡೂದಿಲ್ಲ" ಎಂದೆ.